ಕೆಂಪು ತಂತಿ, ಖಾಲಿ ಸ್ಕ್ರೂ

ಕಲ್ಲಿನ ಮನೆಯಲ್ಲಿ ಶಬ್ದವನ್ನು ಬಚ್ಚಿಡಲಾಗದು ಎಂದು ನಾನು ಬಹಳ ಕಾಲ ನಂಬಿದ್ದೆ. ಶಹಾಬಾದಿನ ನಮ್ಮ ಮನೆಯಲ್ಲಿ ನೆಲ ಹಾಸುಗಲ್ಲು, ಗೋಡೆಯ ಗೂಡುಗಳ ತಳ ಹಾಸುಗಲ್ಲು, ಒಲೆಯ ಕಟ್ಟೆ ಹಾಸುಗಲ್ಲು, ತಲೆಯ ಮೇಲಿನ ಮಾಳಿಗೆಯೂ ಹಾಸುಗಲ್ಲೇ. ಪಡಸಾಲೆಯಲ್ಲಿ ಒಂದು ಚಮಚ ಬಿದ್ದರೆ ಅಡುಗೆಮನೆಯಿಂದ ಅತ್ತಿ ‘ಯಾರದು’ ಎಂದು ಕೇಳುತ್ತಿದ್ದಳು. ಅತ್ತಿ ಅಂದರೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ಬಂದು ನಮ್ಮ ಮನೆಯನ್ನು ಕೈಗೆ ತೆಗೆದುಕೊಂಡವಳು. ಅಪ್ಪ ವಾಡಿಯ ಕಡೆಯ ಒಂದು ಸಿಮೆಂಟು ಕಾರ್ಖಾನೆಯಲ್ಲಿ ಭಟ್ಟಿಯ ಮುಂದೆ ನಿಲ್ಲುವ ಕೆಲಸದಲ್ಲಿದ್ದ. ವಾರಕ್ಕೊಮ್ಮೆ ಪಾಳಿ ಬದಲಾಗುತ್ತಿತ್ತು. ಮೂರನೇ ಪಾಳಿಯ ವಾರ ಬಂತೆಂದರೆ ಅವನು ಹಗಲೆಲ್ಲ ಮಲಗುತ್ತಿದ್ದ, ನಾವು ಹಗಲೆಲ್ಲ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುತ್ತಿದ್ದೆವು. ಅವನು ಬರುವ ಮೊದಲೇ ರೊಟ್ಟಿ ಬಡಿದು ಮುಗಿಯಬೇಕು. ಶೇಂಗಾ ಹಿಂಡಿ ಕುಟ್ಟುವಂತಿಲ್ಲ. ಆ ವಾರದ ಊಟವೆಂದರೆ ತಣ್ಣಗಿನ ರೊಟ್ಟಿ, ಮೊಸರು, ಪಿಸುಮಾತು. ಅಪ್ಪನ ನಿದ್ದೆ ಮನೆಯ ಹಿರಿಯ ಸದಸ್ಯನಂತೆ ನಡುಮನೆಯಲ್ಲಿ ಕೂತಿರುತ್ತಿತ್ತು. ಅದರ ಮುಂದೆ ಎಲ್ಲರೂ ತಗ್ಗಿ ನಡೆಯಬೇಕು.

ಪಡಸಾಲೆಯ ಗೂಡಿನಲ್ಲಿ ಕರಿ ಫೋನು ಇತ್ತು. ಬೆರಳು ತೂರಿಸಿ ತಿರುಗಿಸುವಂಥದ್ದು. ಭಟ್ಟಿ ಕೆಟ್ಟಾಗ ಅಪ್ಪನನ್ನು ಕರೆಯಲು ಬೇಕೆಂದು ಕಾರ್ಖಾನೆಯವರು ಶಿಫಾರಸು ಮಾಡಿ ಹಾಕಿಸಿಕೊಟ್ಟದ್ದು. ಊರಾಚೆಗೆ ಅದರಿಂದ ಮಾತಾಡುವಂತಿರಲಿಲ್ಲ, ಬಂದದ್ದನ್ನು ಕೇಳಬಹುದಿತ್ತು. ಮೂರನೇ ಪಾಳಿಯ ವಾರ ಅತ್ತಿ ಅದನ್ನು ಹೊದೆಯುವ ಹಳೆಯ ಕೌದಿಯಲ್ಲಿ ಸುತ್ತಿಡುತ್ತಿದ್ದಳು. ಆಗಲೂ ಅದು ಬಾರಿಸಿದರೆ ಡಬ್ಬಿಯೊಳಗೆ ಸಿಕ್ಕ ದುಂಬಿಯಂತೆ ಗುಂಯ್ ಎನ್ನುವುದು ಕೇಳುತ್ತಿತ್ತು, ನಾನು ಓಡಿ ಹೋಗಿ ಸ್ಟೂಲು ಹತ್ತಿ ಕೌದಿ ಬಿಚ್ಚುತ್ತಿದ್ದೆ. ಈ ಕೌದಿಯನ್ನು ಓದುಗರು ನೆನಪಿಡಬೇಕು. ಏಕೆಂದರೆ ನಾನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಅತ್ತಿಯ ಮೇಲೆ ಮನಸ್ಸಿನಲ್ಲೇ ನಡೆಸಿದ ಮೊಕದ್ದಮೆಯಲ್ಲಿ ಇದ್ದ ಏಕೈಕ ಸಾಕ್ಷಿ ಅದು.

ಅವ್ವ ಮನೆಯಲ್ಲಿರಲಿಲ್ಲ. ಅವಳು ಚಿಂಚೋಳಿ ತಾಲೂಕಿನ ಕೊಡ್ಲಿಯಲ್ಲಿ ಸರಕಾರಿ ಶಾಲೆಯ ಮಾಸ್ತರಿಣಿ. ವರ್ಗಾವಣೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಒಂದು ಕೋಣೆ ಬಾಡಿಗೆ ಹಿಡಿದವಳು ಅಲ್ಲೇ ಉಳಿದಳು. ಮೊದಮೊದಲು ಶನಿವಾರ ಬಂದು ಸೋಮವಾರ ಹೋಗುತ್ತಿದ್ದಳು. ಅತ್ತಿಗೂ ಅವಳಿಗೂ ಒಲೆಯ ಮುಂದೆ ಆಗುತ್ತಿರಲಿಲ್ಲ: ಬ್ಯಾಳಿಗೆ ಬೆಲ್ಲ ಎಷ್ಟು, ನನಗೆ ಎಣ್ಣೆ ಹಚ್ಚುವುದು ಯಾರು, ನಾನು ಎಡಗೈಯಲ್ಲಿ ಉಣ್ಣುವುದನ್ನು ಬಿಡಿಸಬೇಕೋ ಬೇಡವೋ. ಬರುವುದು ತಿಂಗಳಿಗೊಮ್ಮೆ ಆಯಿತು. ಅದಕ್ಕೆ ಬದಲಾಗಿ ಪ್ರತಿ ಐತವಾರ ಬೆಳಿಗ್ಗೆ ಹತ್ತಕ್ಕೆ ಕೊಡ್ಲಿಯ ಬೂತಿನಿಂದ ಫೋನು. ಏನು ಉಂಡೆ, ಏನು ಬರೆದೆ, ಜಡೆ ಯಾರು ಹೆಣೆದರು, ಇಷ್ಟೇ. ನಾನು ಒಂಬತ್ತಕ್ಕೇ ಗೂಡಿನ ಕೆಳಗೆ ಕೂರುತ್ತಿದ್ದೆ. ನೆಲದ ಕಲ್ಲು ತೊಡೆಗೆ ತಣ್ಣಗೆ ತಾಗುತ್ತಿತ್ತು.

ಎಡಗೈಯ ಜಗಳವನ್ನು ಹೇಳಿಬಿಡುತ್ತೇನೆ. ಅಪ್ಪನೂ ಎಡಚನೇ, ಎಡಗೈಯಲ್ಲೇ ತಲೆ ಬಾಚುತ್ತಿದ್ದ, ಎಡಗೈಯಲ್ಲೇ ಇಕ್ಕಳ ಹಿಡಿಯುತ್ತಿದ್ದ. ಗಂಡಸಾದ್ದರಿಂದ ಅವನನ್ನು ಯಾರೂ ತಿದ್ದಿರಲಿಲ್ಲ. ನನ್ನನ್ನು ತಿದ್ದುವ ಹೊಣೆಯನ್ನು ಅತ್ತಿ ಹೊತ್ತಿದ್ದಳು. ಒಂದು ಬೆಳಿಗ್ಗೆ ಅವಳು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದಾಗ ನಾನು ಎದುರಿಗೆ ಕೂತು ನೋಡಿದೆ. ಪೂಜೆ ಮುಗಿಯುವವರೆಗೆ ಕಾದೆ.

“ಅತ್ತಿ, ಲಿಂಗ ಎಡಗೈ ಮ್ಯಾಲ ಇಟ್ಕೋತಿ. ದೇವರಿಗಿ ನಡೀತದ, ರೊಟ್ಟಿಗಿ ಯಾಕ ನಡ್ಯಂಗಿಲ್ಲ?”

“ವಾದ ಮಾಡಬ್ಯಾಡ, ಉಣ್ಣು.”

“ಇದು ಉತ್ತರ ಅಲ್ಲ.”

“ಉತ್ತರ ಬೇಕಂದ್ರ ವಕೀಲಿ ಓದು ಹೋಗು. ನಂಗ ಜ್ವಾಳ ಬೀಸ್ಕೊಂಡು ಬರೋದದ.”

ಓದಿದೆ. ಅದಕ್ಕೂ ಮೊದಲು ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಕೂಟದ ತಂಡದಲ್ಲಿದ್ದೆ. ಯಾವ ಪಕ್ಷ ಕೊಟ್ಟರೂ ಗೆಲ್ಲುವವಳು ಎಂಬ ಹೆಸರಿತ್ತು. ಆದರೆ ನಾನು ಮೊದಲು ಗೆದ್ದ ಚರ್ಚೆ ನಮ್ಮ ಪಡಸಾಲೆಯಲ್ಲಿ ನಡೆದದ್ದು. ಆಗ ನನಗೆ ಒಂಬತ್ತು ವರ್ಷ.

ಆ ಮಳೆಗಾಲದ ನಡುವೆ ಐತವಾರದ ಫೋನು ನಿಂತಿತು. ಒಂದು ವಾರ, ಎರಡು, ಮೂರು, ನಾಲ್ಕು. ಉಳಿದ ದಿನ ಫೋನು ಬಾರಿಸುತ್ತಿತ್ತು. ನಾನು ಊಟದ ತಾಟು ಬಿಟ್ಟು ಓಡುತ್ತಿದ್ದೆ, ಕಾರ್ಖಾನೆಯ ಹಾಜರಿ ನೋಡುವ ಟೈಮ್ ಆಫೀಸಿನ ದನಿ ‘ಅಪ್ಪನ್ನ ಕರಿ’ ಎನ್ನುತ್ತಿತ್ತು. ಆಮೇಲೆ, ಯಾವಾಗ ಎಂದು ನನಗೆ ತಿಳಿಯದಂತೆ, ಬಾರಿಸುವುದೇ ನಿಂತಿತು. ಕೌದಿಯ ಒಳಗಿನ ದುಂಬಿಯೂ ಇಲ್ಲ. ಶ್ರಾವಣ ಮುಗಿಯುವಷ್ಟರಲ್ಲಿ ಟೈಮ್ ಆಫೀಸಿನ ಜವಾನ ಸೈಕಲ್ ತುಳಿದುಕೊಂಡು ಬಾಗಿಲಿಗೆ ಬರತೊಡಗಿದ.

“ಏನ್ರೀ ಅಕ್ಕಾರ, ಮುಂಜಾನಿಂದ ಫೋನ್ ಹಚ್ಚಲಿಕತ್ತೀವಿ, ಎತ್ತಂಗೇ ಇಲ್ಲಲ್ರೀ!”

“ಗಂಟಿ ಹೊಡದ್ರಲ್ಲ ಎತ್ತೋದು? ಜ್ವಾಳ ಹಸನ ಮಾಡ್ಕೋತ ಇಲ್ಲೇ ಕುಂತೀನಿ. ಕಿವುಡಿ ಆಗೀನೇನು ನಾನು?”

“ನಮ್ಮ ಸಾಹೇಬ್ರು ಸುಳ್ಳ ಹೇಳ್ತಾರೇನ್ರಿ ಮತ್ತ?”

“ನಿಮ್ಮ ಸಾಹೇಬ್ರನ್ನ ನಾ ಏನ್ ಕಂಡೀನಿ. ನೀರು ಕುಡೀತಿ?”

ಅಪ್ಪ ಈ ಮಾತಿಗೆ ಸೇರುತ್ತಿರಲಿಲ್ಲ. ಊಟದ ಡಬ್ಬಿ ಕಟ್ಟಿಸಿಕೊಂಡು ಜವಾನನ ಹಿಂದೆ ಹೊರಟುಬಿಡುತ್ತಿದ್ದ. ನಾನು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿದ್ದೇನೆ. ಕೇಳಿದ್ದನ್ನು ಇನ್ನೊಂದು ಮಾತಿಗೆ ಜೋಡಿಸಲಿಲ್ಲ. ನನಗೆ ಬರಬೇಕಾದ ಫೋನು ಒಂದೇ, ಜವಾನನ ಫೋನಿನ ಚಿಂತೆ ನನಗೇಕೆ?

ದಸರೆಯ ರಜೆಗೆ ಅವ್ವ ಬಂದಳು. ಕೈಯಲ್ಲಿ ಒಂದು ಚೀಲ, ನನಗೊಂದು ಕಂಪಾಸು ಪೆಟ್ಟಿಗೆ. ಚೀಲ ಕೆಳಗಿಡುವ ಮೊದಲೇ ಕೇಳಿದಳು.

“ಫೋನ್ ಯಾಕ ಎತ್ತಂಗಿಲ್ಲ ಯಾರೂ? ನಮ್ಮೂರ ಲೈನ್ ಮಳಿಗಿ ಹೋಗಿತ್ತು, ಒಂದು ತಿಂಗಳ ಬಿಡ್ರಿ. ಆಮ್ಯಾಲಿಂದ ಪ್ರತಿ ಐತವಾರ ಹಚ್ಚೀನಿ. ರಿಂಗ್ ಆಗ್ತದ, ಆಗ್ತದ, ಆಗ್ತದ. ಕೂಸಿನ ದನಿನಾದ್ರೂ ಕೇಳಸಬಾರದಾ?”

“ಹೊಡದಿಲ್ಲ,” ಅತ್ತಿ ಎಂದಳು. “ದೇವರಾಣಿ ಹೊಡದಿಲ್ಲ.”

“ನನ್ನ ಕಿವಿಲೆ ಕೇಳೀನಿ ನಾ.”

“ನನ್ನ ಕಿವಿನೂ ಇಲ್ಲೇ ಅವ.”

ಇಬ್ಬರ ದನಿ ಕಲ್ಲಿಗೆ ಬಡಿದು ಎರಡೆರಡಾಗಿ ಬರುತ್ತಿತ್ತು. ಅಪ್ಪ ನಡುಮನೆಯ ಹೊಸ್ತಿಲ ಮೇಲೆ ನಿಂತಿದ್ದ. ಆಗ ನಾನು ಎದ್ದೆ. ಸ್ಟೂಲು ಎಳೆದುಕೊಂಡು ಗೂಡಿನ ತನಕ ಏರಿ, ರಿಸೀವರ್ ತೆಗೆದು ಎಲ್ಲರ ಕಡೆ ಹಿಡಿದೆ. ಅದರೊಳಗಿಂದ ಡಯಲ್ ಟೋನಿನ ಒಂದೇ ಸಮನಾದ ದನಿ ಸ್ಪಷ್ಟವಾಗಿ ಬರುತ್ತಿತ್ತು.

“ಫೋನ್ ಛಲೋ ಅದ. ಕೆಟ್ಟಿದ್ರ ಈ ದನಿ ಬರ್ತಿದ್ದಿಲ್ಲ. ಫೋನ್ ಛಲೋ ಅದ, ಅತ್ತಿ ಇಲ್ಲೇ ಇದ್ಳು, ನಾ ಇಲ್ಲೇ ಇದ್ದೆ. ಹೊಡದಿಲ್ಲ. ಅಂದ್ರ ನೀ ಹಚ್ಚಿಲ್ಲ.”

“ನೀಲಾ…” ಅವ್ವ ನನ್ನನ್ನು ತಡೆದಳು.

“ಹಚ್ಚಬೇಕಂತ ಖರೇ ಇದ್ರ ಕಾಗದ ಯಾಕ ಬರೀಲಿಲ್ಲ?”

“ಕಾಗದದಾಗ ನಿನ್ನ ದನಿ ಬರ್ತದೇನ?”

“ಸುಳ್ಳ ಹೇಳ್ತಿ ನೀನು.”

ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಡಬ್ಬಿ ತೊಳೆಯಬೇಕೆಂದು ಹಿತ್ತಲಿಗೆ ಹೋದ. ಡಬ್ಬಿ ಅಷ್ಟು ಹೊತ್ತಿಗಾಗಲೇ ತೊಳೆದು ಬೋರಲು ಹಾಕಿತ್ತು. ಅದೂ ನನಗೆ ಕಂಡಿತ್ತು. ಅವ್ವ ಇನ್ನೂ ಕೆಳಗಿಡದಿದ್ದ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಮಧ್ಯಾಹ್ನದ ಬಸ್ಸಿಗೇ ಹೊರಟಳು. ಕಂಪಾಸು ಪೆಟ್ಟಿಗೆ ಗೂಡಿನಲ್ಲಿ ಫೋನಿನ ಪಕ್ಕ ಉಳಿಯಿತು, ನಾನು ಅದನ್ನು ತೆರೆಯಲಿಲ್ಲ. ಆಮೇಲಿನ ವರ್ಷಗಳಲ್ಲಿ ಅವಳು ಹಬ್ಬಕ್ಕೆ ಬಂದಳು, ಮದುವೆ ಮುಂಜಿಗಳಿಗೆ ಬಂದಳು, ಮಾತಾಡಬೇಕಾದಷ್ಟು ಮಾತಾಡಿದಳು. ಮೊಬೈಲು ಬಂದಮೇಲೆ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ‘ಉಂಡ್ಯಾ’ ಎನ್ನುವಳು, ‘ಉಂಡೆ’ ಎನ್ನುವೆ. ಈಗ ಚಿಂಚೋಳಿಯ ಪಕ್ಕದ ಚಂದಾಪುರದಲ್ಲಿ ಮನೆ ಮಾಡಿಕೊಂಡಿದ್ದಾಳೆ. ನಾನು ಬೆಳೆದಂತೆ ನನ್ನ ವಾದವೂ ಬೆಳೆಯಿತು. ಅವ್ವ ಸುಳ್ಳು ಹೇಳಿದಳು ಎಂಬುದು ಒಂಬತ್ತರ ತೀರ್ಪು. ಹದಿನಾರಕ್ಕೆ ಬರುವಷ್ಟರಲ್ಲಿ, ಅತ್ತಿ ಕೌದಿಯನ್ನು ಇನ್ನಷ್ಟು ಮಡಿಚಿ ಸುತ್ತಿಟ್ಟು ಬೇಕೆಂತಲೇ ಗಂಟೆಯನ್ನು ಉಸಿರುಗಟ್ಟಿಸಿದಳು ಎಂಬ ಎರಡನೇ ತೀರ್ಪು ಬರೆದಿದ್ದೆ. ಹೀಗೆ ಮನೆಯ ಇಬ್ಬರೂ ಹೆಂಗಸರು ನನ್ನ ಪುಸ್ತಕದಲ್ಲಿ ಅಪರಾಧಿಗಳಾದರು. ಜೊತೆಗೆ ಯಾರೂ ಇಲ್ಲದವಳಾಗಿ ನಾನು ಬಹಳ ಚೆನ್ನಾಗಿ ವಾದ ಮಾಡುವುದನ್ನು ಕಲಿತೆ.

ಅಪ್ಪ ತೀರಿಹೋಗಿ ಮೂರು ವರ್ಷವಾಯಿತು. ನಾನು ಚಿತ್ತಾಪುರದ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಇದ್ದೇನೆ. ವಾಡಿಯಲ್ಲಿ ಗಾಡಿ ಬದಲಿಸಿ ದಿನವೂ ಹೋಗಿ ಬರುತ್ತೇನೆ. ಈ ಬೇಸಿಗೆಯಲ್ಲಿ ಸುಣ್ಣ ಹೊಡೆಸಲು ಗೂಡು ಖಾಲಿ ಮಾಡುವಾಗ ಫೋನು ಕೈಗೆ ಬಂತು. ಲೈನು ಎಂದೋ ಕಡಿದಿತ್ತು. ಅತ್ತಿ ಅದನ್ನು ಗುಜರಿಗೆ ಹಾಕು ಎಂದಳು. ನನಗೆ ಬೇರೆಯೇ ಆಸೆ ಹುಟ್ಟಿತು: ಕೌದಿಯೊಳಗೆ ಇದರ ಗಂಟೆ ಎಷ್ಟು ಕೇಳುತ್ತದೆ ಎಂದು ಅಳೆದು ನೋಡಬೇಕು, ಮೊಕದ್ದಮೆ ಮುಗಿಸಬೇಕು. ಅದಕ್ಕೆ ಗಂಟೆ ಬಾರಿಸಬೇಕಲ್ಲ. ಸ್ಟೇಶನ್ನಿನ ಹಿಂದಿನ ಓಣಿಯಲ್ಲಿ ರಹೀಮ್ ಚಾಚಾ ಇದ್ದಾರೆ, ಟೆಲಿಫೋನಿನ ಲೈನ್‌ಮನ್ ಆಗಿ ನಿವೃತ್ತರಾದವರು. ಒಂದು ರಜೆಯ ದಿನ ಬೆಳಿಗ್ಗೆ ಕೈಯಲ್ಲಿ ತಿರುಗಿಸುವ ಒಂದು ಮ್ಯಾಗ್ನೆಟೋ ಪೆಟ್ಟಿಗೆ ಹೊತ್ತು ಬಂದರು. ಹಿಡಿ ತಿರುಗಿಸಿದರೆ ಫೋನಿನ ಗಂಟೆ ಬಾರಿಸುವಂಥ ಕರೆಂಟು ಅದರಿಂದ ಹೊರಡುತ್ತದೆ. ಎರಡು ತಂತಿ ಫೋನಿಗೆ ಸಿಕ್ಕಿಸಿ ತಿರುಗಿಸಿದರು. ಫೋನು ಸುಮ್ಮನಿತ್ತು.

“ಗಂಟಿ ಖಲ್ಲಾಸ್ ಆಗ್ಯದ ಅನ್ನಬ್ಯಾಡ ಬೇಟಿ. ಒಂದೊಂದೇ ಕೇಳೋಣ. ಕೆಟ್ಟದ್ದು ಯಾವುದದ, ಅದೇ ಬಾಯಿ ಬಿಡ್ತದ.”

ಈ ಪದ್ಧತಿ ನನಗೆ ಹಿಡಿಸಿತು. ತಳದ ಸ್ಕ್ರೂ ಬಿಚ್ಚಿ ಕರಿ ಚಿಪ್ಪು ಎತ್ತಿದೆವು. ಒಳಗೆ ಎರಡು ಹಿತ್ತಾಳೆಯ ಬಟ್ಟಲು, ನಡುವೆ ಪುಟ್ಟ ಸುತ್ತಿಗೆ, ಅದರ ಕೆಳಗೆ ತಂತಿ ಸುತ್ತಿದ ಎರಡು ಸುರುಳಿ. ಸುತ್ತಿಗೆಯನ್ನು ಉಗುರಲ್ಲಿ ತಳ್ಳಿದೆ, ಸಲೀಸಾಗಿ ಆಡಿತು. ಚಾಚಾ ತಂದಿದ್ದ ಮೀಟರಿನ ಮುಳ್ಳು ಸುರುಳಿಗಳು ಕಡಿದಿಲ್ಲ ಎಂದು ಹೇಳಿತು. ಗಂಟೆಯ ದಾರಿಯಲ್ಲಿ ಒಂದು ಕಂಡೆನ್ಸರ್ ಇರುತ್ತದೆ, ಅದು ಸತ್ತಿರಬೇಕೆಂದು ನಾನು ಪಂಥ ಕಟ್ಟಿದೆ. ಅದಕ್ಕೆ ಮೀಟರ್ ಮುಟ್ಟಿಸಿದಾಗ ಮುಳ್ಳು ಒಮ್ಮೆ ಜಿಗಿದು ಮೆಲ್ಲಗೆ ಕೂತಿತು.

“ಜಿಗೀತಲ್ಲ? ಜಿಂದಾ ಅದ.”

“ಮತ್ತ ಎಲ್ಲಾ ಛಲೋ ಇದ್ದು ಯಾಕ ಹೊಡ್ಯಂಗಿಲ್ಲ ಚಾಚಾ? ಆವಾಗ ಡಯಲ್ ಟೋನ್ ಬರ್ತಿತ್ತು. ನಾನೇ ಕೇಳೀನಿ.”

“ಡಯಲ್ ಟೋನಿಗೂ ಗಂಟಿಗೂ ಏನ್ ಸಂಬಂಧ? ಮಾತಿನ ದಾರಿ ಬ್ಯಾರೆ, ಗಂಟಿ ದಾರಿ ಬ್ಯಾರೆ. ಗಂಟಿ ಸತ್ತರೂ ಟೋನ್ ಬರ್ತದ.”

ನನ್ನ ಕೈ ನಿಂತಿತು. ಅವರು ಕನ್ನಡಕ ಏರಿಸಿಕೊಂಡು ಬಗ್ಗಿದ್ದರು, ನನ್ನ ಮುಖ ನೋಡಲಿಲ್ಲ.

“ಆದ್ರ ಆ ಕಡಿಯವರಿಗಿ ರಿಂಗ್ ಕೇಳ್ತಿತ್ತಂತ…”

“ಕೇಳ್ತದ. ಅದು ಎಕ್ಸ್‌ಚೇಂಜ್ ಹಾಕೋ ಸಪ್ಪಳ. ನಿಮ್ಮನಿ ಗಂಟಿ ಹೊಡೀಲಿ ಬಿಡ್ಲಿ, ಆ ಕಡಿಯವರಿಗಿ ರಿಂಗ್ ಕೇಳೇ ಕೇಳ್ತದ. ಪಬ್ಲಿಕ್ಕಿಗಿ ಇದು ತಿಳಿಸಿ ತಿಳಿಸಿ ನನ್ನ ಸರ್ವೀಸೇ ಮುಗೀತು. ಹಾಂ, ಸಿಕ್ತು ನೋಡು.”

ಅವರ ಬೆರಳ ತುದಿಯಲ್ಲಿ ಒಂದು ಕೆಂಪು ತಂತಿ ಇತ್ತು. ಗಂಟೆಯ ಸುರುಳಿಯಿಂದ ಹೊರಟು ಕಂಡೆನ್ಸರಿನ ಸ್ಕ್ರೂಗೆ ಹೋಗಬೇಕಾದದ್ದು, ಪಕ್ಕದ ಸ್ಕ್ರೂಗೆ ಸುತ್ತಿಕೊಂಡಿತ್ತು. ಆ ಸ್ಕ್ರೂಗೆ ಬೇರೆ ಏನೂ ಕೂಡಿರಲಿಲ್ಲ. ಖಾಲಿ.

“ತಾನಾಗೇ ಕಳಚಿದ್ದಲ್ಲ ಇದು. ಯಾರೋ ತಗದು ಇಟ್ಟಾರ. ಕಡದಿಲ್ಲ ನೋಡು, ಮತ್ತ ಹಚ್ಚಬೇಕಂತ ಜ್ವಾಕಿಲೆ ಇಟ್ಟಾರ. ಆದ್ರ ನಮ್ಮವರ ಕೆಲಸ ಅಲ್ಲ. ನಾವು ತಂತಿ ಸುತ್ತೋದು ಸ್ಕ್ರೂ ತಿರಗೋ ಕಡಿಗೇ, ಬಿಗಿ ಮಾಡಿದಷ್ಟು ತಂತಿ ಒಳಗ ಹೋಗ್ತದ. ಇದು ಉಲ್ಟಾ ಸುತ್ಯಾರ. ಎಡಚನ ಕೈ ಇದು.”

ಅವರು ಚಹಾದ ಬಟ್ಟಲು ಎತ್ತಿಕೊಂಡರು. ನಾನು ಆ ತಂತಿಯ ಕುಣಿಕೆ ನೋಡುತ್ತ ಕೂತೆ. ಅತ್ತಿ ಎಡಚಿಯಲ್ಲ, ಜೀವಮಾನದಲ್ಲಿ ಸ್ಕ್ರೂಡ್ರೈವರ್ ಮುಟ್ಟಿದವಳಲ್ಲ. ಮನೆಯಲ್ಲಿ ಎಡಚರು ಇಬ್ಬರೇ. ಅವರಲ್ಲಿ ಒಬ್ಬಳಿಗೆ ಗೂಡು ಮುಟ್ಟಲು ಸ್ಟೂಲು ಬೇಕಿತ್ತು.

ಅತ್ತಿ ಅಡುಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು, ಕಲ್ಲಿನ ಮನೆ.

“ಅತ್ತಿ, ಅಪ್ಪ ಗಂಟಿ ತಗದಿದ್ನಾ? ನಿದ್ದಿಗಾ?”

“ನಿದ್ದಿಗಿ ಕೌದಿ ಇತ್ತಲ್ಲ.” ಅವಳು ಕಾಳಿನಿಂದ ಒಂದು ಹರಳು ಆರಿಸಿ ಎಸೆದಳು. “ತಗದಿದ್ದು ನಂಗ ಗೊತ್ತಿಲ್ಲವ್ವ. ಗೊತ್ತಿದ್ರ ನಿನ್ನವ್ವನ ಮುಂದ ದೇವರಾಣಿ ಮಾಡ್ತಿದ್ನೇನು? ಆದ್ರ ಒಂದು ಹೇಳ್ತೀನಿ. ಆ ಮಳಿಗಾಲ ನೀ ಉಣ್ಣತಿದ್ದಿಲ್ಲ. ಆ ಸುಡುಗಾಡು ಫೋನ್ ಹೊಡೀತು ಅಂದ್ರ ತುತ್ತು ಬಿಟ್ಟು ಓಡೋದು, ಟೈಮ್ ಆಫೀಸು ಅಂತ ತಿಳೀತು ಅಂದ್ರ ಅಲ್ಲೇ ಗೂಡಿನ ಬುಡಕ್ಕ ಕುಂದ್ರೋದು. ಕರದ್ರ ಬರಂಗಿಲ್ಲ. ಒಮ್ಮೆ ಅಲ್ಲೇ ಕಲ್ಲಿನ ಮ್ಯಾಲ ನಿದ್ದಿ ಹೋಗಿದ್ದಿ, ಜ್ವರ ಬಂದಿತ್ತು. ನಿಮ್ಮಪ್ಪ ನಿನ್ನ ಎತ್ಗೊಂಡು ಒಳಗ ಬಂದಾಂವ, ‘ಅಕ್ಕಾ, ಇದರ ಬಾಯಿ ಮುಚ್ಚಬೇಕು, ಇಲ್ಲಂದ್ರ ಕೂಸು ಉಳಿಯಂಗಿಲ್ಲ’ ಅಂದ. ಸುಮ್ನ ಅಂತಾನ ಅಂದ್ಕೊಂಡೆ ನಾ.”

ಪರ ಮತ್ತು ವಿರೋಧ ಎರಡನ್ನೂ ನಾನು ಮಾಡಬಲ್ಲೆ. ಅವ್ವನ ಫೋನು ಇನ್ನು ಬರುವುದಿಲ್ಲ ಎಂದು ಅವನಿಗೆ ಅನಿಸಿತ್ತು. ಸುಳ್ಳು ಆಸೆಯ ಗಂಟೆಯನ್ನು ತಾನೇ ನಿಲ್ಲಿಸಿದ. ಮತ್ತೆ ಹಚ್ಚುವ ಮನಸ್ಸೂ ಇತ್ತು, ಇಲ್ಲದಿದ್ದರೆ ತಂತಿ ಕತ್ತರಿಸಿ ಬಿಸಾಡುತ್ತಿದ್ದ. ಇದು ಪರ. ಆದರೆ ದಸರೆಯ ಆ ದಿನ, ಅವನ ಮಗಳು ರಿಸೀವರ್ ಎತ್ತಿ ಹಿಡಿದು ಅವನ ಹೆಂಡತಿಯನ್ನು ಸುಳ್ಳಿ ಎಂದಾಗ, ನಿಜ ಗೊತ್ತಿದ್ದವನು ಅವನೊಬ್ಬನೇ. ಒಂದು ವಾಕ್ಯ ಸಾಕಿತ್ತು. ಅವನು ತೊಳೆದ ಡಬ್ಬಿ ತೊಳೆಯಲು ಹೋದ. ಅದಾದ ಮೇಲೆ ತಂತಿ ಮರಳಿ ಹಚ್ಚಿದರೆ ತಪ್ಪೊಪ್ಪಿದಂತೆ, ಹಚ್ಚಲಿಲ್ಲ. ಇಷ್ಟು ಹೇಳಿದ ಮೇಲೆ ತೀರ್ಪು ಬರಬೇಕು. ಬರುತ್ತಿಲ್ಲ. ಅವನು ಜವಾನನ ಹಿಂದೆ ಬಿಸಿಲಿಗೆ ಇಳಿದು ಹೋಗುವ ಬೆನ್ನಷ್ಟೇ ಕಾಣುತ್ತದೆ. ಅದೇ ಮನೆಯಲ್ಲಿ ಅವನೂ ಒಬ್ಬನೇ ಇದ್ದ ಎಂಬುದು ನನಗೆ ಹೊಳೆದಿರಲಿಲ್ಲ.

ಚಾಚಾ ಕೆಂಪು ತಂತಿ ಬಿಚ್ಚಿ, ತುದಿಯನ್ನು ನೇರ ಮಾಡಿ, ಸರಿಯಾದ ಕಡೆಗೆ ಬಗ್ಗಿಸಿ ಕಂಡೆನ್ಸರಿನ ಸ್ಕ್ರೂಗೆ ಬಿಗಿದು, ಚಿಪ್ಪು ಮುಚ್ಚಿ ಫೋನನ್ನು ಗೂಡಿನಲ್ಲಿಟ್ಟರು. ನಾನು ಮೊಬೈಲು ತೆಗೆದು ಅವ್ವನಿಗೆ ಹಚ್ಚಿದೆ. ಯುಗಾದಿಯೂ ಅಲ್ಲ, ದೀಪಾವಳಿಯೂ ಅಲ್ಲ. ಅವಳು ಹೆದರಿದಳು.

“ಯಾಕ? ಏನಾತು? ಅತ್ತಿ ಆರಾಮ್ ಅದಾಳಿಲ್ಲ?”

“ಆರಾಮ್ ಅದಾಳ. ಅವ್ವಾ, ಆ ಹಳಿ ಫೋನಿಂದು ಗಂಟಿ ತಂತಿ ಕಳಚಿತ್ತು. ನಿನಗ ರಿಂಗ್ ಕೇಳ್ತಿತ್ತು, ನಮಗ ಕೇಳ್ತಿದ್ದಿಲ್ಲ. ನೀ ಹಚ್ಚಿದ್ದು ಖರೇ.”

ಆ ಕಡೆಯಲ್ಲಿ ಎಲ್ಲೋ ನಲ್ಲಿ ಸುರಿಯುತ್ತಿತ್ತು, ಅದು ನಿಂತಿತು. ಯಾರು ಕಳಚಿದರು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

“ಏನೂ ಅನಬ್ಯಾಡ. ಸುಮ್ನ ಕೇಳು,” ಎಂದು ಮೊಬೈಲನ್ನು ಗೂಡಿನ ಹತ್ತಿರ ಹಿಡಿದೆ. ಚಾಚಾ ಹಿಡಿ ತಿರುಗಿಸಿದರು.

ಹದಿನೆಂಟು ವರ್ಷದ ಮೇಲೆ ಅದು ಬಾರಿಸಿತು. ಕಲ್ಲಿನ ನೆಲ, ಕಲ್ಲಿನ ಕಟ್ಟೆ, ಕಲ್ಲಿನ ಮಾಳಿಗೆ ಎಲ್ಲವೂ ಒಟ್ಟಿಗೆ ಬಾರಿಸಿದಂತೆ. ಅತ್ತಿಯ ಕೈಯಲ್ಲಿ ಮೊರ ನಿಂತಿತು. ಚಾಚಾ ನಿಲ್ಲಿಸಲಿಲ್ಲ, ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಎರಡು ಸಲ ತಿರುಗಿಸುವುದು, ಬಿಡುವುದು, ಎರಡು ಸಲ ತಿರುಗಿಸುವುದು. ನನ್ನ ಹತ್ತಿರ ಕ್ಷಮೆಯ ಮಾತುಗಳಿದ್ದವು, ಕ್ರಮವಾಗಿ ಜೋಡಿಸಿಟ್ಟಿದ್ದೆ. ಮೊಬೈಲಿನಿಂದ ಅವ್ವನ ದನಿ ಬಂತು, ಅವಸರದ ದನಿ.

“ಯಾರಾರ ಎತ್ರಲ್ಲ ಅದನ್ನ! ಎಷ್ಟೊತ್ತಿಂದ ಹೊಡೀಲಿಕತ್ತದ.”

ಬಲಗೈಯಲ್ಲಿ ಮೊಬೈಲಿತ್ತು. ಎಡಗೈಯಿಂದ ರಿಸೀವರ್ ಎತ್ತಿದೆ. ಗಂಟೆ ನಿಂತಿತು. ಅತ್ತಿ ನೋಡುತ್ತಿದ್ದಳು, ಯಾವ ಕೈ ಎಂದು ಅನ್ನಲಿಲ್ಲ.

“ಹಲೋ,” ಎಂದೆ.

ಅವ್ವ ಮೊಬೈಲಿನ ಆ ಕಡೆಯಿಂದ, ಕೊಡ್ಲಿಯ ಬೂತಿನಲ್ಲಿ ನಿಂತವರ ಹಾಗೆ, ದೂರದ ಊರಿಗೆ ಮಾತಾಡುವವರ ಗಟ್ಟಿ ದನಿಯಲ್ಲಿ ಕೇಳಿದಳು.

“ಹಲೋ… ನೀಲಾ ಅದಾಳೇನ್ರಿ ಮನ್ಯಾಗ?”

“ಅದಾಳ,” ಎಂದೆ.